ಇಲ್ಲದ ದೀಪ ಕೆಟ್ಟಿದೆ ಎಂದು ಬರೆದ ಅರ್ಜಿ

ಊರಿನ ಹೆಸರು ಹೇಳುವುದಿಲ್ಲ. ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಎಲ್ಲೋ ಒಂದು ಊರು ಎಂದುಕೊಳ್ಳಿ. ಹೆಸರು ಹಾಕಿದರೆ ನಾಳೆ ನನ್ನ ಮನೆಯ ನಳಕ್ಕೆ ನೀರು ಬರುವುದಿಲ್ಲ. ನನ್ನ ಊರು ನನಗೆ ಅಷ್ಟು ಚೆನ್ನಾಗಿ ಗೊತ್ತು.

ನನ್ನ ಅಕ್ಕ ಇರುವುದು ಹಳೇ ಓಣಿಯ ಕೊನೆಯಲ್ಲಿ. ಮನೆ ಎಂದರೆ ಒಂದೂವರೆ ಖೋಲಿ, ಶೌಚಾಲಯ ಕಟ್ಟಿಸಲು ಜಾಗವಿಲ್ಲ. ಓಣಿಯ ಹೆಂಗಸರೆಲ್ಲ ಹೋಗುವುದು ಎದುರಿನ ಸಾರ್ವಜನಿಕ ಶೌಚಾಲಯಕ್ಕೆ. ಅದರ ಮುಂದೆ ತೆರೆದ ಗಟಾರ. ದಾಟಲು ಎರಡು ಹಾಸುಗಲ್ಲು ಇದ್ದವು, ಒಂದು ಮುರಿದು ಗಟಾರದೊಳಗೇ ಬಿದ್ದಿದೆ. ಆ ವಾಸನೆಯನ್ನು ಬರೆದು ತಿಳಿಸಲು ಆಗದು, ಬಂದು ನಿಲ್ಲಬೇಕು. ಪಕ್ಕದ ಕಂಬದಲ್ಲಿ ಹಳದಿ ದೀಪ ಇರುವವರೆಗೆ ಹೆಂಗಸರು ಉಳಿದ ಒಂದು ಕಲ್ಲನ್ನು ನೋಡಿಕೊಂಡು ಕಾಲಿಡುತ್ತಿದ್ದರು.

ಆಮೇಲೆ ಕರೆಂಟು ಉಳಿಸುವ ಎಲ್‌ಇಡಿ ಬಂತು. ಹಳದಿ ದೀಪ ಇಳಿಸುವವರು ಒಂದೇ ದಿನದಲ್ಲಿ ಎಲ್ಲವನ್ನೂ ಇಳಿಸಿಕೊಂಡು ಹೋದರು. ಹೊಸದು ಹಾಕುವವರು ವಾರ ಬಿಟ್ಟು ಬಂದರು. ಕಂಬದ ಮೇಲೆ ಬರೆದ ನಂಬರ್ ನೋಡುವುದು, ದೀಪ ಹಾಕುವುದು, ಮುಂದಕ್ಕೆ ಹೋಗುವುದು. ನಂಬರ್ ಕಾಣದಿದ್ದರೆ ದೀಪ ಇಲ್ಲ. ಅಕ್ಕನ ಮನೆಯ ಕಂಬದ ನಂಬರ್ ಮೇಲೆ ವಾರ್ಡಿನ ಮೆಂಬರರ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿತ್ತು. ಬಿಚ್ಚುವ ಧೈರ್ಯ ಯಾರಿಗಿದೆ? ಫ್ಲೆಕ್ಸಿನ ಕೆಳಗೆ ಶುಭ ಕೋರುವವರ ಸಣ್ಣ ಮುಖಗಳ ಸಾಲು. ಎಡದಿಂದ ಮೂರನೆಯದು ನನ್ನದು. ಥೂ.

ಇದೆಲ್ಲ ನನಗೆ ಗೊತ್ತಾಗಿದ್ದು ತಿಂಗಳ ಮೇಲೆ, ಒಂದು ಮಧ್ಯಾಹ್ನ ಅಕ್ಕನ ಮನೆಗೆ ಹೋದಾಗ. ಅವಳು ನನಗೊಬ್ಬನಿಗೇ ಚಹಾ ಕೊಟ್ಟಳು.

"ನೀ ಕುಡಿಯೂದಿಲ್ಲೇನ?"

"ಮೂರರ ಮ್ಯಾಲ ನಾ ನೀರೂ ಮುಟ್ಟೂದಿಲ್ಲ ತಮ್ಮಾ. ಕುಡದರ ಕತ್ತಲಾಗ ಹೋಗಬೇಕಾಕ್ಕೈತಿ. ಮೊನ್ನಿ ಸಂಜಿ ಕಾಲ ತಪ್ಪಿ ಗಟಾರದಾಗ ಮೊಣಕಾಲ ಮಟಾ ಇಳದಿದ್ದೆ."

ನೀರು ಕುಡಿಯದೆ ಉರಿಮೂತ್ರ ಶುರುವಾಗಿ ಎರಡು ಸಲ ದವಾಖಾನೆಗೆ ಹೋಗಿ ಬಂದಿದ್ದಳು. ದಿನಕ್ಕೆ ಇಷ್ಟು ತಂಬಿಗೆ ನೀರು ಕುಡಿಯಲೇಬೇಕು ಎಂದು ಡಾಕ್ಟರು ಬೈದು ಕಳಿಸಿದ್ದರಂತೆ.

"ನನಗ ಹೇಳಬೇಕಿಲ್ಲೇನ?" ಎಂದೆ.

"ಯಾರಿಗಂತ ಹೇಳ್ಲಿ? ನೀನೂ ಅವರ ಜೋಡಿ ಕಂಬದ ಮ್ಯಾಲ ಹಲ್ಲ ಕಿಸಕೊಂಡ ಕುಂತೀಯಲ್ಲ!"

ಅವಳ ಅಡುಗೆಮನೆಯ ಚಾಕು ತೆಗೆದುಕೊಂಡು ಹೋಗಿ ಆಗಲೇ ಫ್ಲೆಕ್ಸಿನ ಹಗ್ಗ ಕೊಯ್ದೆ. ನಂಬರ್ ಬರೆದುಕೊಂಡು ಸೀದಾ ಪುರಸಭೆಗೆ ಹೋದೆ.

ದೀಪದ ವಿಭಾಗದ ಕ್ಲಾರ್ಕು ಎಲೆ ಅಡಿಕೆ ಮೆಲ್ಲುತ್ತಾ ಪಟ್ಟಿ ತೆಗೆದ. "ಈ ಕಂಬಕ್ಕ ದೀಪ ಹಾಕೈತಲ್ರಿ. ನೋಡ್ರಿ, ಟಿಕ್ ಬಿದ್ದೈತಿ."

"ಬಂದು ಕಂಬಾ ನೋಡ್ರಿ. ಬೋಳ ನಿಂತೈತಿ."

"ಕಂಬಾ ನೋಡಿ ನಾ ಏನ ಮಾಡ್ಲಿರಿ? ಊರಾಗಿನ ಎಲ್ಲಾ ಕಂಬಕ್ಕೂ ಹಾಕಿ ಮುಗದೈತಿ ಅಂತ ಸಾಹೇಬ್ರು ಸಹಿ ಮಾಡಿ ಮ್ಯಾಲ ಕಳಿಸ್ಯಾರ. ಈಗ ಹೊಸಾದ ಹಾಕಿದ್ರ ಆ ಸಹಿ ಸುಳ್ಳ ಆಕ್ಕೈತಿ." ಕಿಟಕಿಯಾಚೆ ಉಗುಳಿ ಬಂದು ದನಿ ಇಳಿಸಿದ. "ಒಂದ ಕೆಲಸಾ ಮಾಡ್ರಿ ಅಣ್ಣಾರ. ಹಾಕಿದ ದೀಪ ಕೆಟ್ಟೈತಿ ಅಂತ ಅರ್ಜಿ ಕೊಡ್ರಿ. ಕೆಟ್ಟದ್ದ ಬದಲಿ ಮಾಡಾಕ ಯಾರನ್ನೂ ಕೇಳೂದ ಬೇಕಿಲ್ಲ."

"ಇಲ್ಲದ್ದ ಹ್ಯಾಂಗ ಕೆಡತೈತ್ರಿ?"

"ನಿಮಗ ದೀಪ ಬೇಕೋ, ವಾದಾ ಬೇಕೋ?"

ದಿನಾ ಮೊಬೈಲ್ ಮುಂದೆ ಕೂತು ವಿಡಿಯೋ ಮಾಡಿ ಊರಿನ ಹುಳುಕನ್ನೆಲ್ಲ ಎತ್ತಿ ಆಡುವ ನಾನು, ಅವನ ಟೇಬಲ್ಲಿನ ಮೇಲೇ ಹಾಳೆ ಇಟ್ಟುಕೊಂಡು ಬರೆದೆ. ಸದರಿ ಕಂಬದ ಎಲ್‌ಇಡಿ ದೀಪವು ಕೆಟ್ಟಿದ್ದು, ದಯಮಾಡಿ ಬದಲಿಸಿಕೊಡಬೇಕಾಗಿ ವಿನಂತಿ. ಕೆಳಗೆ ನನ್ನ ಸಹಿ.

ನಾಲ್ಕು ದಿನಕ್ಕೆ ಏಣಿ ಹೊತ್ತುಕೊಂಡು ಒಬ್ಬ ಬಂದ. ಹೊಸ ದೀಪ ಹಾಕಿದ, ಉರಿಸಿ ತೋರಿಸಿದ. ಅಕ್ಕ ಬಾಗಿಲಲ್ಲಿ ನಿಂತು ಕೈ ಮುಗಿದಳು. ಅವನು ಇಳಿದು ಬಂದು ನನ್ನ ಮುಂದೆ ಕೈ ಚಾಚಿದ.

"ಕೆಟ್ಟದ್ದ ಕೊಡ್ರಿ ಕಾಕಾ. ಹೊಸಾದ ಒಯ್ದದ್ದಕ್ಕ ಲೆಕ್ಕಾ ಅಂತ ಹಳೇದ ತಂದ ಒಪ್ಪಸಬೇಕ್ರಿ ನಾವು."

"ಇಲ್ಲಿ ಇರಲೇ ಇಲ್ಲಪಾ."

"ಹಂಗಾರ ಇದನ್ನ ಬಿಚ್ಚಕೊಂಡ ಹೋಗ್ತೀನಿ. ಖಾಲಿ ಕೈಲೇ ಹೋದ್ರ ನನ್ನ ಕೆಲಸಾ ಹೊಕ್ಕೈತಿ."

ನಾನು ಅಕ್ಕನ ಮುಖ ನೋಡಿದೆ. ಅವನು ಓಣಿಯ ತಿರುವು ನೋಡಿದ. ಅಲ್ಲಿ ಪಕ್ಕದ ಸಂದಿಯ ಕಂಬ, ಅದಕ್ಕೆ ಮೊದಲೇ ಹಾಕಿದ ಎಲ್‌ಇಡಿ, ಚೆನ್ನಾಗಿ ಉರಿಯುತ್ತಿದ್ದದ್ದು. ಏಣಿಯನ್ನು ಅದಕ್ಕೆ ಆನಿಸಿ, "ಏಣಿ ಜಾರತೈತಿ, ಸ್ವಲ್ಪ ಹಿಡ್ಕೋರಿ ಕಾಕಾ" ಎಂದ.

ಹಿಡಿದುಕೊಂಡೆ. ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ.

ದೀಪ ಬಿಚ್ಚಿ ತಂದ. ನೆಲದ ಮೇಲಿಟ್ಟು ಇಕ್ಕಳದಿಂದ ಒಳಗಿನ ವೈರನ್ನು ಕಿತ್ತ. "ಈಗ ಕೆಟ್ಟತ ನೋಡ್ರಿ" ಎಂದು ನಕ್ಕು, ಚೀಲಕ್ಕೆ ಹಾಕಿಕೊಂಡು ಹೋದ.

ಆ ಸಂಜೆ ಅಕ್ಕ ಒಬ್ಬಳೇ ಹೋಗಿ ಬಂದಳು. "ಕಲ್ಲ ಕಾಣತೈತಿ ತಮ್ಮಾ" ಎಂದಳು.

ಮೂರನೇ ದಿನ ನಾನು ಅಲ್ಲಿದ್ದಾಗ ಪಕ್ಕದ ಸಂದಿಯ ಸೊಸೆಯೊಬ್ಬಳು ಅಕ್ಕನ ಮನೆಗೇ ಬಂದಳು. ಅವರೂ ಇದೇ ಶೌಚಾಲಯಕ್ಕೆ ಬರುವವರು. "ಅಣ್ಣಾರ, ನೀವು ಬರದ್ರ ದೀಪ ಬರತಾವಂತ. ನಮಗೂ ಒಂದ ಅರ್ಜಿ ಬರದ ಕೊಡ್ರಿ. ನಮ್ಮತ್ತಿಗೆ ಕಣ್ಣ ಮಂಜು. ತಿರುವಿನ್ಯಾಗ ಗ್ವಾಡಿ ತಡವಿಕೋಂತ ಬರತಾಳ."

"ಏನಂತ ಬರೀಲೆವಾ?"

"ಇದ್ದದ್ದ ಇದ್ದಂಗ ಬರೀರಿ. ದೀಪ ಇತ್ತು, ಯಾರೋ ಬಿಚ್ಚಕೊಂಡ ಹೋಗ್ಯಾರ ಅಂತ."

ಅಕ್ಕ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಇದ್ದದ್ದು ಇದ್ದಂತೆ ಬರೆದರೆ ಬಿಚ್ಚಿದವರು ಯಾರು ಎಂದು ಕೇಳುತ್ತಾರೆ. ಕೇಳುತ್ತಾ ಕೇಳುತ್ತಾ ಅಕ್ಕನ ಕಂಬಕ್ಕೆ ಬರುತ್ತಾರೆ. ದೀಪ ಇಳಿಸುತ್ತಾರೆ, ಅವಳು ಮತ್ತೆ ನೀರು ಕುಡಿಯುವುದನ್ನು ಬಿಡುತ್ತಾಳೆ.

"ಕೆಟ್ಟೈತಿ ಅಂತ ಬರಿಯೂನವಾ. ಲಗೂ ಆಕ್ಕೈತಿ" ಎಂದೆ. ಹಾಳೆ ಕೇಳಿ ಪಡೆದು ಬರೆದೆ. ಅದೇ ಅಕ್ಷರ, ಅದೇ ವಿನಂತಿ, ಕಂಬದ ನಂಬರ್ ಮಾತ್ರ ಬೇರೆ. ಅವಳು ಹೆಬ್ಬೆಟ್ಟು ಒತ್ತಿ ಒಯ್ದಳು.

ಹೋದ ವಾರ ಅವರ ಕಂಬಕ್ಕೆ ದೀಪ ಬಂದಿದೆಯಂತೆ. ಏಣಿಯವನು ಆಮೇಲೆ ಯಾವ ಓಣಿಗೆ ಹೋದ ಎಂದು ನೋಡಲು ನಾನು ಹೋಗಿಲ್ಲ.