ದೇವರ ಮನೆಯ ಏಳನೇ ಡಿಸ್ಕು

ಈ ಶುಕ್ರವಾರ ನಾನು ಮಾಡಿದ ಕೆಲಸಗಳು ಇಷ್ಟು: ಹಾಲು ಕಾಯಿಸಿದ್ದು, ಕುಕ್ಕರಿನ ಹಿಡಿಗೆ ತಿರುಪು ಬಿಗಿದದ್ದು, ರಾಗಿ ಕೇರಿ ಮಿಲ್ಲಿಗೆ ಚೀಲ ಕಟ್ಟಿದ್ದು, ಅತ್ತೆಯ ಮಾತ್ರೆ ತರಿಸಿದ್ದು, ಹತ್ತೂವರೆಗೆ ಸರಿಯಾಗಿ ಫ್ರಿಜ್ಜಿನ ಮೇಲಿನ ಯಂತ್ರವನ್ನು ಆರಿಸಿ ಹನ್ನೆರಡಕ್ಕೆ ಮತ್ತೆ ಹೊತ್ತಿಸಿದ್ದು.

ಕೊನೆಯ ಕೆಲಸ ನಿಮ್ಮ ಮನೆಯಲ್ಲಿ ಇರಲಾರದಾದ್ದರಿಂದ ಅದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಯಜಮಾನರದು ದೊಡ್ಡಬೆಳವಂಗಲದಿಂದ ದಿನವೂ ದೇವನಹಳ್ಳಿ ಕಡೆಗೆ ಬೈಕು ಓಡಿಸಿ, ಕಲ್ಲು ನೆಟ್ಟ ಬಯಲನ್ನು ನಂದನವನವೆಂದು ವರ್ಣಿಸಿ ಸೈಟು ಮಾರಿಸುವ ಕಸುಬು. ಇಲ್ಲದ್ದನ್ನು ಇದೆಯೆಂದು ನಂಬಿಸುವ ವಿದ್ಯೆಯಲ್ಲಿ ಇಷ್ಟು ವರ್ಷ ಪಳಗಿದ ಮನುಷ್ಯ, ಇಲ್ಲದ್ದನ್ನು ಇದೆಯೆಂದು ಬೇರೆ ಯಾರೋ ಹೇಳಿದಾಗ ಮಾತ್ರ ಎಳೆ ಮಗುವಿನಂತೆ ನಂಬಿಬಿಟ್ಟರು. ವಿಮಾನ ನಿಲ್ದಾಣದ ದಾರಿಯ ಟೀ ಅಂಗಡಿಯಲ್ಲಿ ಕ್ಯಾಬ್ ಓಡಿಸುವವನೊಬ್ಬ, ಕಂಪ್ಯೂಟರಿನಲ್ಲಿ ನಾಣ್ಯ ಬೆಳೆಯಬಹುದು, ಅದಕ್ಕೆ ದೊಡ್ಡ ಯಂತ್ರವೂ ಬೇಡ, ಕರೆಂಟೂ ಬೇಡ ಎಂದನಂತೆ.

ಹಾಗೆ ಬಂದದ್ದು ಅಂಗೈಯಗಲದ ಒಂದು ಹಸಿರು ಹಲಗೆ. ಅದೇ ಕಂಪ್ಯೂಟರಂತೆ, ದೇವರ ಮನೆಯ ಪುಟ್ಟ ಬಲ್ಬಿಗಿಂತ ಕೊಂಚ ಹೆಚ್ಚು ಕರೆಂಟು ಕುಡಿಯುತ್ತದಂತೆ. ಅದರ ಹಿಂದೆಯೇ ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಿಂದ ಆರು ಹಾರ್ಡ್ ಡಿಸ್ಕು ಬಂದವು. ಪ್ರತಿ ಡಿಸ್ಕಿನ ತುಂಬ ಅಂಕಿಗಳನ್ನು ತುಂಬಿಡಬೇಕು. ಜಗತ್ತಿನ ಯಾವುದೋ ಮೂಲೆಯಿಂದ ಕ್ಷಣಕ್ಷಣಕ್ಕೂ ಪ್ರಶ್ನೆಯೊಂದು ಬರುತ್ತದೆ. ಅದಕ್ಕೆ ಹೊಂದುವ ಅಂಕಿ ನಮ್ಮ ಫ್ರಿಜ್ಜಿನ ಮೇಲಿದ್ದರೆ ನಾಣ್ಯ ನಮ್ಮದು. ಲಾಟರಿ ಚೀಟಿಯನ್ನು ಮನೆಯಲ್ಲೇ ಅಚ್ಚು ಹಾಕಿಕೊಂಡು ಕಾಯುವುದು ಎಂದು ನಾನು ಅರ್ಥ ಮಾಡಿಕೊಂಡೆ. ‘ನಿಂಗೆ ಟೆಕ್ನಾಲಜಿ ಗೊತ್ತಾಗಲ್ಲ ಕಣೇ’ ಎಂದರು. ಗೊತ್ತಾಗದೆಯೂ ದಿನಕ್ಕೆರಡು ಬಾರಿ ಅದರ ಧೂಳು ಒರೆಸುವ ಭಾಗ್ಯ ಮಾತ್ರ ನನ್ನದಾಯಿತು.

ಇಂಥ ಯಂತ್ರ ಹಗಲಿರುಳೂ ಎಚ್ಚರವಾಗಿರಬೇಕು ಎಂಬುದು ಶಾಸ್ತ್ರ. ಆದರೆ ನಮ್ಮಲ್ಲಿ ಅದಕ್ಕಿಂತ ಹಳೆಯ ಶಾಸ್ತ್ರವೊಂದಿದೆ. ರಾಹುಕಾಲದಲ್ಲಿ ಬಂದ ಐಶ್ವರ್ಯ ನಿಲ್ಲುವುದಿಲ್ಲವೆಂದು ಯಜಮಾನರು ದಿನಕ್ಕೆ ಒಂದೂವರೆ ಗಂಟೆ ಅದನ್ನು ಆರಿಸಿಡುತ್ತಾರೆ. ಅವರು ದೇವನಹಳ್ಳಿಯಲ್ಲಿದ್ದಾಗ ಆ ಕೈಂಕರ್ಯ ನನ್ನ ಪಾಲಿಗೆ. ಭೂಮಂಡಲದ ಪ್ರಶ್ನೆಗಳಿಗೆ ನಮ್ಮ ಮನೆಯಿಂದ ಉತ್ತರ ಹೋಗದೆ ಇರುವುದು ಆ ಹೊತ್ತಿನಲ್ಲಿ ಮಾತ್ರ ಎಂದು ನೀವು ತಿಳಿಯಬಾರದು. ಉಳಿದ ಹೊತ್ತಿನಲ್ಲೂ ಹೋದದ್ದಿಲ್ಲ. ಇಷ್ಟು ತಿಂಗಳಲ್ಲಿ ಒಂದು ನಾಣ್ಯವೂ ಬಿದ್ದಿಲ್ಲ.

ಇಲ್ಲಿ ನಮ್ಮ ಅತ್ತೆಯ ವಿಷಯ ಹೇಳಬೇಕು. ಸುತ್ತಿನ ಹಳ್ಳಿಗಳಲ್ಲಿ ಯಾರ ಮನೆಯ ಮದುವೆಯಾದರೂ ಹಸೆಮಣೆಯ ಪಕ್ಕದಲ್ಲಿ ಕುಳಿತು ಸೋಬಾನೆ ಹೇಳಲು ಅವರೇ ಬೇಕಿತ್ತು. ಗಂಟಲಿನ ಆಪರೇಷನ್ ಆದ ಮೇಲೆ ಆ ದನಿ ಹೋಯಿತು, ಈಗ ಉಳಿದಿರುವುದು ಒಣ ಎಲೆ ಉಜ್ಜಿದಂಥ ಪಿಸುಮಾತು. ಅವರ ಹಾಡು ಉಳಿದಿದ್ದದ್ದು ನನ್ನ ನಾದಿನಿಯ ಮದುವೆಯ ವಿಡಿಯೋದಲ್ಲಿ ಮಾತ್ರ. ಅದನ್ನು ತೆಗೆದ ಸ್ಟುಡಿಯೋ ಇದ್ದಲ್ಲಿ ಈಗ ಚಪ್ಪಲಿ ಅಂಗಡಿ. ನಾದಿನಿಯ ಮನೆಯ ಸಿಡಿಗಳು ಗೀರುಬಿದ್ದು ಹೋದವು. ಹೇಗೋ ಒಂದು ಹಾರ್ಡ್ ಡಿಸ್ಕಿಗೆ ಹಾಕಿಸಿಟ್ಟದ್ದನ್ನು ಅತ್ತೆ ದೇವರ ಮನೆಯ ಮಣೆಯ ಮೇಲೇ ಇಟ್ಟುಕೊಂಡು, ಪ್ರತಿ ಶುಕ್ರವಾರ ದೀಪ ಹಚ್ಚಿದ ಮೇಲೆ ಟಿವಿಗೆ ಚುಚ್ಚಿಸಿ, ತಮ್ಮ ದನಿಯನ್ನು ತಾವೇ ಕೇಳುತ್ತಿದ್ದರು.

ಈ ಸಲದ ಆಯುಧಪೂಜೆಗೆ ಬೈಕು, ಕುಡುಗೋಲು, ಮಿಕ್ಸಿಗಳ ಜೊತೆಗೆ ಆರು ಡಿಸ್ಕುಗಳೂ ಬಿಚ್ಚಿಕೊಂಡು ದೇವರ ಮನೆಯ ಮಣೆಯೇರಿದವು. ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟವಳು ನಾನೇ. ಮಣೆಯ ಮೇಲಿದ್ದ ಕಪ್ಪು ಡಬ್ಬಿಗಳಲ್ಲಿ ಯಾವುದಕ್ಕೂ ಭೇದ ಮಾಡಲಿಲ್ಲ. ಸಮದರ್ಶಿತ್ವದ ಫಲ ಹೀಗಿರುತ್ತದೆಂದು ಆಗ ತಿಳಿದಿರಲಿಲ್ಲ. ಮರುದಿನ ಯಜಮಾನರು ಅವುಗಳನ್ನು ಎತ್ತಿಕೊಳ್ಳುತ್ತಾ ಒಂದು ಕ್ಷಣ ನಿಂತರು.

‘ನಾನು ಇಟ್ಟಿದ್ದು ಆರಲ್ವೇನೇ? ಏಳೈತೆ.’

ಒಲೆಯ ಮುಂದೆ ಇದ್ದ ನಾನು, ‘ನೀವೇ ತಂದಿರ್ತೀರ, ನೋಡ್ಕಳ್ರೀ’ ಎಂದೆ.

ಪೂಜೆಗಿಟ್ಟದ್ದು ಒಂದು ಹೆಚ್ಚಾಗಿ ಎದ್ದುಬಂದರೆ ಬೇರೆಯವರು ಅನುಮಾನಿಸುತ್ತಾರೆ. ಇವರು ಲಕ್ಷ್ಮೀಕಟಾಕ್ಷವೆಂದು ಕಣ್ಣಿಗೊತ್ತಿಕೊಂಡರು. ದೇವರು ಕೊಟ್ಟದ್ದರೊಳಗೆ ಏನಿದೆಯೆಂದು ತೆರೆದು ನೋಡುವ ಅಗತ್ಯವೂ ಕಾಣಲಿಲ್ಲ. ಅಂಕಿ ತುಂಬಿರದ ಆ ಏಳನೆಯದನ್ನು ಚೊಕ್ಕಟವಾಗಿ ಅಳಿಸಿ ಅಂಕಿ ತುಂಬಲು ಹಚ್ಚಿದರು.

ಹಬ್ಬ ಕಳೆದ ಮೊದಲ ಶುಕ್ರವಾರ ಇದೇ. ಸಂಜೆ ದೀಪ ಹಚ್ಚಿ ಅತ್ತೆ ಟಿವಿಯ ಮುಂದೆ ಕುಳಿತರು. ಡಿಸ್ಕು ತರಲು ನಾನು ದೇವರ ಮನೆಗೆ ಹೋದೆ. ಮಣೆ ಖಾಲಿ. ಯಜಮಾನರನ್ನು ಒಳಗೆ ಕರೆದು ಹೇಳಿದೆ. ಅವರು ಫ್ರಿಜ್ಜಿನ ಮೇಲಿನ ಏಳನ್ನೂ ಒಂದೊಂದಾಗಿ ತಿರುಗಿಸಿ ನೋಡಿದರು, ಪೇಟೆಯ ರಿಪೇರಿಯವನಿಗೆ ಫೋನು ಮಾಡಿದರು. ಹಳೆಯದರ ಮೇಲೆ ಹೊಸದು ಬರೆದಾಗಿದೆ, ಸಿಗುವುದಿಲ್ಲ ಎಂದನಂತೆ.

‘ಅಮ್ಮನಿಗೆ ನೀನೇ ಹೇಳೇ.’

‘ಕುಂಕುಮ ಇಟ್ಟಿದ್ದು ನಾನು, ಒಪ್ಕತೀನಿ. ಅಳಿಸಿದ್ದು ನೀವು. ನೀವೇ ಹೇಳ್ರೀ.’

ಎಷ್ಟೋ ಜನರಿಗೆ ಬಂಡೆಯನ್ನು ಬಂಗಲೆಯೆಂದು ತೋರಿಸಿದ ಬಾಯಿ ಅಂದು ಒಂದು ವಾಕ್ಯ ಪೂರೈಸಲು ಒದ್ದಾಡಿತು. ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಪಿಸುಗುಟ್ಟಿದರು.

‘ಈಗ ಅದ್ರೊಳಗೆ ಏನೈತೆ?’

‘ನಂಬರಮ್ಮ.’

‘ಯಾರ್ದು?’

‘ಯಾರ್ದೂ ಅಲ್ಲ ಕಣಮ್ಮ. ಸುಮ್ನೆ ನಂಬರು. ಅದೃಷ್ಟ ಇದ್ರೆ ಕಾಸು ಬೀಳುತ್ತೆ.’

‘ಬಿದ್ದೈತಾ?’

‘ಇನ್ನೂ ಇಲ್ಲ.’

‘ಯಾರ್ದೂ ಅಲ್ದಿದ್ದನ್ನ ತುಂಬಾಕೆ ನನ್ ಗಂಟ್ಲು ತೆಗ್ದು ಎಸ್ದೆ, ಅಲ್ಲೇನ್ಲಾ ನಂಜುಂಡ.’

ಅತ್ತೆ ಅತ್ತಾದರೂ ಬಿಟ್ಟಿದ್ದರೆ ನಮಗೆ ಸಮಾಧಾನ ಹೇಳುವ ಕೆಲಸ ಸಿಗುತ್ತಿತ್ತು. ಅತ್ತೆ ಅಳಲಿಲ್ಲ.

‘ಹಾಡು’ ಎಂದರು.

‘ಏನಮ್ಮ?’

‘ಚಿಕ್ಕೋನಿದ್ದಾಗ ನನ್ ಸೆರಗು ಹಿಡ್ಕಂಡು ಒಂದು ಮದ್ವೆ ಬಿಡ್ಲಿಲ್ಲ ನೀನು. ಅಷ್ಟೂ ಗೊತ್ತು ನಿಂಗೆ. ಹಾಡು.’

‘ಹೆಂಗಸ್ರ ಹಾಡಮ್ಮ ಅವು.’

‘ಡಬ್ಬಿಗೆ ಕುಂಕುಮ ಇಡ್ಸೋನಿಗೆ ನಾಚ್ಕೆ ಬೇರೆ.’

ಹಾಡಿಸಿಯೇ ಬಿಟ್ಟರು. ರೆಕಾರ್ಡು ಮಾಡಲು ನಾನು ಯಜಮಾನರ ಫೋನು ತೆಗೆದರೆ ಜಾಗವಿಲ್ಲ ಎಂದಿತು. ಒಳಗೆಲ್ಲ ಆಕಾಶದಿಂದ ತೆಗೆದ ಸೈಟುಗಳ ವಿಡಿಯೋ. ಅತ್ತೆ ನೋಡುತ್ತಿದ್ದಂತೆ ಯಜಮಾನರು ಬಡಾವಣೆಗಳನ್ನು ಒಂದೊಂದಾಗಿ ಅಳಿಸಿದರು. ಆಮೇಲೆ, ಗಿರಾಕಿಯನ್ನು ಬಿಸಿಲಿನಲ್ಲಿ ನಿಲ್ಲಿಸಿ ಕೂಗಿ ಕೂಗಿ ಒಡೆದುಹೋದ ಆ ಕಂಠದಲ್ಲಿ, ಮದುಮಗಳಿಗೆ ಅರಿಶಿನ ಹಚ್ಚುವ ಹಾಡು ಹೊರಟಿತು. ಅತ್ತೆ ತೊಡೆಯ ಮೇಲೆ ತಾಳ ಹಾಕುತ್ತಾ, ಸಾಲು ತಪ್ಪಿದಲ್ಲಿ ಮಗನ ಮಂಡಿಯನ್ನು ಚಿವುಟುತ್ತಾ, ಮರೆತ ಪದವನ್ನು ಪಿಸುಗುಟ್ಟುತ್ತಾ ಇದ್ದರು. ಪಕ್ಕದ ಮನೆಯಾಕೆ ಕಾಂಪೌಂಡಿನಿಂದ ಇಣುಕಿ, ‘ಯಾರಿಗಮ್ಮ ಮದ್ವೆ?’ ಎಂದು ಕೇಳಿದಳು. ಹಾಡು ಕೇಳಲು ಹಿತವಾಗಿತ್ತೆಂದು ಸುಳ್ಳು ಹೇಳಲಾರೆ. ಆದರೆ ಒಂದು ಪದವೂ ತಪ್ಪಿಹೋಗಲಿಲ್ಲ, ತಪ್ಪಿಹೋಗಲು ಅತ್ತೆ ಬಿಡಲಿಲ್ಲ. ಇಷ್ಟು ದಿನ ನಾವು ಜೋಪಾನ ಮಾಡಿದ್ದು ಡಬ್ಬಿಯನ್ನು. ಹಾಡು ಇದ್ದ ಜಾಗವನ್ನು ಬೆಳಗ್ಗೆ ಎದ್ದು ಬೈಕು ಹತ್ತಿ ಹೋಗಲು ಬಿಟ್ಟಿದ್ದೆವು.

ರಾತ್ರಿ ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು, ಬಸಿದ ಕಾಳಿನ ಪಲ್ಯ. ಮಗನ ಮುದ್ದೆಗೆ ತುಪ್ಪ ಹಾಕಬೇಡವೆಂದು ಅತ್ತೆ ನನಗೆ ಕಣ್ಣಲ್ಲೇ ಹೇಳಿದರು. ನಾನು ನನ್ನದಕ್ಕೂ ಹಾಕಿಕೊಳ್ಳಲಿಲ್ಲ. ಊಟವಾದ ಮೇಲೆ ಇನ್ನೂ ಎರಡು ಹಾಡು ಆಯಿತು. ಮೊದಲು ನಿದ್ದೆ ಹೋದವರು ಅತ್ತೆ. ನಿಲ್ಲಿಸಿದರೆ ಅವರು ಎದ್ದಾರೆಂದು ಹೆದರಿ ಯಜಮಾನರು ಹಾಸಿಗೆಯ ಪಕ್ಕದಲ್ಲಿ ಸಣ್ಣಗೆ ಹಾಡುತ್ತಲೇ ಇದ್ದರು. ಆಮೇಲೆ ನಾನು ಮಲಗಿದೆ.