ಎರಡು ಡ್ರಮ್ ಹಳೇ ನೀರು

ನಾನು ನೀರಿನ ಟಾಕಿ ತೊಳೆಯುವವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಮೊದಲು ಗೌಂಡಿ ಕೆಲಸಕ್ಕೆ ಹೋದೆ. ನೆಲದೊಳಗಿನ ಟಾಕಿ ಕಟ್ಟುವವರು ಬೇಕಾದಷ್ಟು ಜನ ಇದ್ದಾರೆ, ತೊಳೆಯುವವರು ಮಾತ್ರ ಸಿಗುವುದಿಲ್ಲ ಅಂತ ಗೊತ್ತಾದ ಮೇಲೆ ಇದನ್ನೇ ಹಿಡಿದೆ. ಹುಬ್ಬಳ್ಳಿಯ ಬಹಳ ಓಣಿಗಳಲ್ಲಿ ನಳದ ನೀರು ದಿನಾ ಬರುವುದಿಲ್ಲ. ನಾಲ್ಕು ದಿನಕ್ಕೋ ಆರು ದಿನಕ್ಕೋ ಬರುತ್ತದೆ, ಒಮ್ಮೊಮ್ಮೆ ಅದಕ್ಕೂ ತಡ. ಹಾಗಾಗಿ ಮನೆ ಸಣ್ಣದಿದ್ದರೂ ಅದರ ಟಾಕಿ ದೊಡ್ಡದು. ನಾನು ತೊಳೆದ ಟಾಕಿಯ ತಳದಲ್ಲಿ ಕುಳಿತು ರೊಟ್ಟಿ ತಿನ್ನಬಹುದು. ಬಡಾಯಿ ಅಲ್ಲ, ಒಬ್ಬರು ಸಂಶಯಪಟ್ಟಾಗ ತಿಂದು ತೋರಿಸಿದ್ದೇನೆ.

ನನಗೆ ಹೆಸರು ಬಂದದ್ದು ಇನ್ನೊಂದು ಕಾರಣಕ್ಕೆ. ನಾನು ನೀರು ಚೆಲ್ಲುವುದಿಲ್ಲ. ಟಾಕಿಯೊಳಗೆ ಉಳಿದ ನೀರನ್ನು ಮೊದಲು ನನ್ನ ಎರಡು ಡ್ರಮ್ಮಿಗೆ ತುಂಬಿ, ವಾಸನೆ ಬರದಷ್ಟು ಚಿಟಿಕೆ ಬ್ಲೀಚಿಂಗ್ ಪುಡಿ ಹಾಕಿ ಮುಚ್ಚಿಡುತ್ತಿದ್ದೆ. ಗೋಡೆ, ತಳ, ಮೂಲೆ ಎಲ್ಲ ಉಜ್ಜಿ ತೊಳೆದು, ಕಡೆಗೆ ಡ್ರಮ್ಮಿನ ನೀರನ್ನು ತಿರುಗಿ ಟಾಕಿಗೆ ಸುರಿಯುತ್ತಿದ್ದೆ. ಮುಂದಿನ ನೀರು ಬರುವ ತನಕ ಮನೆಯವರಿಗೆ ಚಿಂತೆ ಇಲ್ಲ. ಈ ಊರಿನಲ್ಲಿ ನೀರು ಚೆಲ್ಲುವವನನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲ.

ದೇಶಪಾಂಡೆ ನಗರದಲ್ಲಿ ಒಬ್ಬ ಅಕ್ಕೋರು ಇದ್ದಾರೆ. ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಈ ಕೆಲಸದಲ್ಲಿ ನನ್ನನ್ನು ಮೊದಲು ಕರೆದ ಮನೆ ಅವರದು, ಆ ಓಣಿಯ ಉಳಿದ ಮನೆಗಳೆಲ್ಲ ಸಿಕ್ಕಿದ್ದು ಅವರ ಮಾತಿನಿಂದ. ಹೋದ ವರ್ಷ ಅವರು ಫೋನ್ ಮಾಡಿ ಕರೆಸಿ, ಟಾಕಿಯ ಮುಚ್ಚಳದ ಹತ್ತಿರ ನಿಲ್ಲಿಸಿದರು.

"ಏನಪಾ, ನಿನ್ನ ಕೈಗೆ ವಯಸ್ಸಾತೇನು? ಮೊದಲ ಆರು ತಿಂಗಳು ತಡೀತಿತ್ತು. ಈಗ ಎರಡು ತಿಂಗಳ ಸೈತ ಆಗಿಲ್ಲ, ಗ್ವಾಡಿ ಮುಟ್ಟಿದ್ರ ಲೋಳಿ ಹತ್ತತದ."

"ಪುಡಿ ಖೊಟ್ಟಿ ಬರಾಕತ್ತೈತ್ರಿ ಅಕ್ಕೋರ."

"ಪುಡಿ ಖೊಟ್ಟಿನೋ, ನೀ ಖೊಟ್ಟಿನೋ?" ಅಂದು ನಕ್ಕರು. ಆಮೇಲೆ ನಗದೆ ಹೇಳಿದರು: "ಸಿಟ್ಟಿಗೇಳಬ್ಯಾಡ. ಇನ್ನೊಂದ ಸಲ ತೊಳಿ. ಆವಾಗೂ ಹಿಂಗ ಆತಂದ್ರ ಮಷೀನ್ ತಗೊಂಡು ಬರ್ತಾರಲ್ಲ, ಅವರಿಗೆ ಹೇಳ್ತೇನಿ."

ಮನೆಗೆ ಬರುವ ತನಕ ಗಾಡಿಯ ಮೇಲೆ ತಲೆಯಲ್ಲಿ ಅದೇ ಮಾತು. ಅವರೊಬ್ಬರು ಬಿಟ್ಟರೆ ಓಣಿಯೇ ಬಿಡುತ್ತದೆ. ಅದಕ್ಕಿಂತ ಹೆಚ್ಚಾಗಿ, ನನ್ನ ಕೆಲಸದಲ್ಲಿ ಐಬು ಇದೆ ಅಂತ ಯಾರೂ ನನ್ನ ಮುಖದ ಮೇಲೆ ಹೇಳಿರಲಿಲ್ಲ. ನಾನು ಉಜ್ಜುವುದು ಒಂದು ಕೂದಲಷ್ಟೂ ಕಡಿಮೆ ಆಗಿರಲಿಲ್ಲ.

ಸಂಜೆ ಮಗಳು ವಹಿ ಹರವಿಕೊಂಡು ಕುಳಿತಿದ್ದಳು. ಬಿ.ಎಸ್ಸಿ. ಮೊದಲ ವರ್ಷ. ಕಾಲೇಜಿನಲ್ಲಿ ಬರೆದುಕೊಂಡು ಬಾ ಅಂದಿದ್ದ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದಳು. ಸಮುದ್ರದೊಳಗೆ ಒಂದೇ ಕೋಶದ ಸಣ್ಣ ಜೀವಿಗಳಿವೆ. ಸಮುದ್ರವೇ ಬದಲಾಗುತ್ತ ಹೋದರೆ ಅವುಗಳಿಗೆ ಬದುಕಿ ಉಳಿಯುವ ಹೊಸ ಗುಣ ಹೇಗೆ ಬಂದಾವು, ಕಲ್ಪಿಸಿ ಬರೆಯಿರಿ.

"ಸಮುದ್ರ ನಾ ನೋಡೇನಿ, ಕಾರವಾರದಾಗ. ನನ್ನ ಕೇಳು," ಅಂದೆ.

ಒಳಗಿಂದ ನನ್ನ ಹೆಂಡತಿ, "ಟಾಕಿ ಮುಗೀತಂತ, ಇನ್ನ ಸಮುದ್ರ ತೊಳ್ಯಾಕ ಹೊಂಟಾರ ನಿಮ್ಮಪ್ಪ," ಅಂದಳು.

ನಾನು ಕೇಳಿಸಿಕೊಳ್ಳದವನ ಹಾಗೆ ಹೇಳಿದೆ: "ನೀರಾಗ ಉಪ್ಪು ಹೆಚ್ಚಾತಂದ್ರ ಉಪ್ಪು ತಡಿಯೂದು ಕಲೀತಾವು. ಹೊಡತ ತಿಂದಾಂವ ಕಲೀತಾನ. ನಾ ಕಲೀಲಿಲ್ಲೇನು?"

"ಹಂಗಲ್ಲಪ್ಪಾ. ಅವಕ್ಕ ತಲೀನ ಇಲ್ಲ, ಕಲಿಯೂದು ಎಲ್ಲಿಂದ? ಉಪ್ಪು ತಡೀಲಾರದ್ದು ಸಾಯತೈತಿ. ಸತ್ತದ್ದು ಏನ ಕಲೀತೈತಿ?"

"ಮತ್ತ ಹೊಸಾ ಗುಣ ಹೆಂಗ ಬರತೈತಿ?"

"ಒಂದು ಒಡದು ಎರಡಾಗೂ ಮುಂದ ಹಳೇದರ ನಕಲು ತಗೀತೈತಿ. ನಕಲಿನ್ಯಾಗ ಒಮ್ಮೊಮ್ಮೆ ತಪ್ಪು ಬೀಳತಾವು. ಬಾಳಷ್ಟು ತಪ್ಪು ಕೆಲಸಕ್ಕ ಬರೂದಿಲ್ಲ. ಲಕ್ಷಕ್ಕ ಒಂದು ತಪ್ಪು ಉಪ್ಪಿನ್ಯಾಗ ಉಪಯೋಗಕ್ಕ ಬಂತು ಅನ್ನು, ಅದ ಉಳೀತೈತಿ. ಮುಂದಿನ್ವೆಲ್ಲಾ ಅದರ ಮಕ್ಕಳು."

"ತಪ್ಪು ಮಾಡಿದಾವ್ರು ಉಳ್ಯೂದಾದ್ರ ಈ ಊರಾಗ ಯಾರೂ ಸಾಯಬಾರದಿತ್ತು," ಅಂದೆ. ಅವಳು ನಕ್ಕಳು. ನನಗೆ ಮಾತ್ರ, ಸತ್ತದ್ದು ಏನು ಕಲಿಯುತ್ತದೆ ಅಂದ ಅವಳ ಮಾತು ಚುಚ್ಚಿತು. ಹೊಡೆತ ತಿಂದೇ ಕಲಿತೆ ಅಂತ ಇಷ್ಟು ವರ್ಷ ಎದೆ ತಟ್ಟಿಕೊಂಡು ಹೇಳಿದವನು ನಾನು.

ಆದರೂ ಕೂತೆವು. ಅವಳು ಒಂದೊಂದೇ ಕೇಳಿದಳು, ನಾನು ಸಮುದ್ರ ಬಿಟ್ಟು ಟಾಕಿ ನೆನೆಸಿಕೊಂಡು ಹೇಳಿದೆ. ತೆರೆ ಜೋರಾದರೆ? ಅಂಟು ಇದ್ದದ್ದು ಬಂಡೆ ಹಿಡಿದು ನಿಲ್ಲುತ್ತದೆ, ಇಲ್ಲದ್ದು ಕೊಚ್ಚಿ ಹೋಗುತ್ತದೆ. ನೀರಿನಲ್ಲಿ ವಿಷ ಬೆರೆತರೆ? ಲೋಳೆಯ ಮೇಲಿನ ಪದರ ಸಾಯುತ್ತದೆ, ಕೆಳಗೆ ಅಡಗಿದ್ದು ಬದುಕುತ್ತದೆ. ಹಾಗಾಗಿ ದಪ್ಪ ಲೋಳೆ ಕಟ್ಟುವ ಜಾತಿ ಮುಂದೆ ಹೆಚ್ಚಾಗುತ್ತದೆ. ತಿನ್ನಲು ಏನೂ ಸಿಗದಿದ್ದರೆ? ಮೈಮೇಲೆ ಗಟ್ಟಿ ಚಿಪ್ಪು ಎಳೆದುಕೊಂಡು ಮಲಗುವಂಥದ್ದು ಇದ್ದರೆ, ಒಳ್ಳೆಯ ಕಾಲಕ್ಕೆ ಅದು ಏಳುತ್ತದೆ. ಬೆಳಕು ಕಡಿಮೆಯಾದರೆ ಏನಾದೀತು ಅಂತ ನನಗೆ ಹೊಳೆಯಲಿಲ್ಲ. ಬೆಳಕಿನ ಕಡೆ ಸ್ವಲ್ಪವೇ ಸರಿಯಬಲ್ಲದ್ದು ಉಳಿದೀತು ಅಂತ ಅವಳೇ ಬರೆದುಕೊಂಡಳು.

"ಖರೇನ ಛಲೋ ಹೇಳತೀಪ್ಪಾ. ನಿನಗ್ಹೆಂಗ ಗೊತ್ತು ಇದೆಲ್ಲಾ?"

"ನನ್ನ ಕೈಗೆ ಗೊತ್ತೈತಿ. ಮೂಲ್ಯಾಗಿನ ಲೋಳಿ ಎಷ್ಟು ತಿಕ್ಕಿದ್ರೂ ಹೋಗೂದಿಲ್ಲ."

ಅವಳು ಪೆನ್ನು ಕೆಳಗಿಟ್ಟಳು. "ಉಳದದ್ದು ಎಲ್ಲಿ ಹೋಗತೈತಿ? ಆ ಡ್ರಮ್ಮಿನ ನೀರಿಗೆ ಎಷ್ಟು ಪುಡಿ ಹಾಕತಿ?"

"ಚಿಟಿಕಿ. ಕುಡಿಯೂ ನೀರದು, ವಾಸನಿ ಬಂದ್ರ ಬೈತಾರ."

ಅವಳು ಬಾಗಿಲ ಹೊರಗಿದ್ದ ನನ್ನ ಡ್ರಮ್ಮುಗಳ ಕಡೆ ನೋಡಿದಳು. ಒಳಗೆ ಹೆಂಡತಿ ಕಾಸಿ ಆರಿಸಿದ ಹಾಲಿಗೆ ನಿನ್ನೆಯ ಮೊಸರು ಒಂದು ಚಮಚ ಬಿಟ್ಟು ಮುಚ್ಚಿಡುತ್ತಿದ್ದಳು. ನಾನು ಅದನ್ನೇ ನೋಡುತ್ತ ಕುಳಿತೆ. ಚಿಟಿಕೆ ಪುಡಿಗೆ ಬಡಕಲು ಸತ್ತು ಗಟ್ಟಿಯದ್ದು ಉಳಿದಿರಬೇಕು. ಆ ಗಟ್ಟಿಯದನ್ನೇ ಆರಿಸಿಟ್ಟು, ನಾನೇ ತೊಳೆದು ಜಾಗ ಮಾಡಿಕೊಟ್ಟ ಟಾಕಿಗೆ ನನ್ನ ಕೈಯಾರೆ ಸುರಿದಿದ್ದೆ. ಒಂದು ಸಲ ಅಲ್ಲ, ಪ್ರತಿ ಸಲ. ಅದೇ ಡ್ರಮ್ಮು ಓಣಿಯ ಎಲ್ಲ ಮನೆಗೂ ಹೋಗುತ್ತಿತ್ತು.

ನೀರು ಬರಬೇಕಾಗಿದ್ದ ದಿನದ ಹಿಂದಿನ ಬೆಳಿಗ್ಗೆ ಅಕ್ಕೋರ ಮನೆಗೆ ಹೋದೆ. ನಮ್ಮ ಮನೆಯ ನೀರನ್ನು ನಾಲ್ಕು ಕ್ಯಾನಿಗೆ ತುಂಬಿ ಗಾಡಿಗೆ ಕಟ್ಟಿದ್ದೆ.

"ಅಕ್ಕೋರ, ಈ ಸಲ ಟಾಕಿ ನೀರು ತಿರುಗಿ ಹಾಕೂದಿಲ್ಲರಿ."

"ಹುಚ್ಚ ಹಿಡೀತೇನು? ನಾಳೆ ನೀರು ಬರ್ತದ ಅಂತ ನಿನಗ ಬರದು ಕೊಟ್ಟಾರೇನು?"

"ಪುಡಿ ಖೊಟ್ಟಿ ಅಲ್ರಿ. ತಪ್ಪು ನಂದ ಐತಿ. ಇಷ್ಟು ವರ್ಷ ನಿಮ್ಮ ಟಾಕಿಗೆ ನಾನ ಹೆಪ್ಪು ಹಾಕಾಕತ್ತಿದ್ದೆ."

ಅವರು ಪೂರ್ತಿ ಕೇಳಿದರು. ಮೊಸರಿನ ಮಾತು, ಡ್ರಮ್ಮಿನ ಮಾತು, ಸಮುದ್ರದ್ದು ಎಲ್ಲ. "ಯಾರು ಹೇಳಿಕೊಟ್ರು?" ಅಂದರು.

"ಮಗಳ್ರಿ. ಅರ್ಧಾ ಆಕಿ, ಅರ್ಧಾ ನಾ."

"ಸಾಲಿ ಬಿಟ್ಟಾಂವ ಸಿಕ್ಕಿಬಿದ್ದಿ ನೋಡು ಮತ್ತ ಸಾಲ್ಯಾಗ," ಅಂದು ಹೂವಿನ ಕುಂಡಗಳನ್ನು ತೋರಿಸಿದರು. "ಅಂಗಳಕ್ಕ ಹಾಕು. ಗಟಾರಕ್ಕ ಮಾತ್ರ ಬಿಡಬ್ಯಾಡ."

ಹಳೇ ನೀರೆಲ್ಲ ಕುಂಡಕ್ಕೆ, ಅಂಗಳಕ್ಕೆ ಹೋಯಿತು. ಬ್ರಶ್ಶು ಹಳೆಯದನ್ನು ಎಸೆದೆ. ಗೋಡೆಗೆ ಹದವಾಗಿ ಪುಡಿ ಹಚ್ಚಿ, ಹೊತ್ತು ಬಿಟ್ಟು ಎರಡು ಸಲ ತೊಳೆದೆ. ನಾಳೆ ಅಂದ ನೀರು ಬಂದದ್ದು ಮೂರನೇ ದಿನ. ಆ ತನಕ ದಿನಾ ನಾಲ್ಕು ಕ್ಯಾನು ಅವರ ಮನೆಗೆ ಹೊತ್ತೆ. ನಮ್ಮ ಮನೆಯಲ್ಲಿ ಬಟ್ಟೆ ಒಗೆಯಲಿಲ್ಲ. ಹೆಂಡತಿ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಉಳಿದ ಮನೆಗಳಿಗೂ ಹೋಗಿ ತಪ್ಪು ನನ್ನದು ಅಂತ ಹೇಳಿದೆ. ಅದು ಟಾಕಿಗೆ ಇಳಿಯುವುದಕ್ಕಿಂತ ಕಷ್ಟದ ಕೆಲಸ. ಎರಡು ಮನೆಯವರು ನೀರು ಚೆಲ್ಲುವವ ಬೇಡ ಅಂದು ಬಿಟ್ಟರು. ಬಿಡಲಿ.

ಐದನೇ ತಿಂಗಳಿಗೆ ಅಕ್ಕೋರು ಫೋನ್ ಮಾಡಿದರು. ಹೋಗಿ ಮುಚ್ಚಳ ತೆಗೆದು, ಹೊಟ್ಟೆಯ ಮೇಲೆ ಮಲಗಿ ಕೈ ಇಳಿಬಿಟ್ಟು ಗೋಡೆ ಮುಟ್ಟಿದೆ. ಸಿಮೆಂಟಿನ ಒರಟು ಬೆರಳಿಗೆ ಹತ್ತಿತು. ಮೂಲೆಯಲ್ಲಿ ಮಾತ್ರ ಚೂರು ಜಾರಿತು.

"ಹೆಂಗದ?" ಅಂದರು.

"ಮೂಲ್ಯಾಗ ಸುರು ಆಗೈತ್ರಿ," ಅಂದೆ. ಇದ್ದದ್ದನ್ನು ಹೇಳಿದೆ.

"ಹಂಗಾರ ಮುಂದಿನ ತಿಂಗಳು ನೀನ ಬಾ," ಅಂದು ಚಹಾ ತರಲು ಒಳಗೆ ಹೋದರು.