ದೇವರ ಮನಿ ಗಂಟಿಯಂಥ ಬಂದೂಕು

ಟಣ್! ಹುನಗುಂದದ ಹತ್ತಿರದ ಒಂದು ಹಳೇ ವಾಡೆಯಲ್ಲಿ, ಮಾರುವವನು ಜೋಡುನಳಿಗೆ ಬಂದೂಕನ್ನು ಬಿಚ್ಚಿ, ಬರೀ ನಳಿಗೆಗಳನ್ನು ಬೆರಳಿಗೆ ತೂಗುಹಾಕಿ ಉಗುರಿನಿಂದ ಮೀಟಿದಾಗ ಬಂದ ಸದ್ದು ಅದು. ನಳಿಗೆಗಳ ಬೆಸುಗೆ ಸಡಿಲಾಗಿದ್ದರೆ ಒಡಕು ತಂಬಿಗೆಯ ಹಾಗೆ ಕೇಳುತ್ತದಂತೆ. ಮೊದಲು ತೋರಿಸಿದ್ದ ಬಂದೂಕು ಹಾಗೇ ಕೇಳಿತ್ತು. ಇದರ ನಾದ ಮಾತ್ರ ಬಹಳ ಹೊತ್ತು ನಿಂತಿತು.

"ದೇವರ ಮನಿ ಗಂಟಿ ಇದ್ದಂಗ ಐತಿ ನೋಡ," ಎಂದರು ನನ್ನ ಯಜಮಾನರು.

ಸಂತೆಯಲ್ಲಿ ಒಂದು ಬದನೆಕಾಯಿ ಆರಿಸಲು ಬಾರದ ಮನುಷ್ಯ ಆ ನಳಿಗೆಯೊಳಗೆ ಕಣ್ಣಿಟ್ಟು, ಮೂಸಿ, ಕೆನ್ನೆಗೆ ಒತ್ತಿಕೊಂಡ ರೀತಿ, ಡಿಸ್ಗಸ್ಟಿಂಗ್! ಕಾನ್ವೆಂಟಿನಲ್ಲಿ ಕಲಿತ ಶಬ್ದ. ಹೊಲಸು ಅಂದರೆ ಕಮ್ಮಿಯಾಗುತ್ತದೆ.

ನಾವು ಲಿಂಗಾಯತರು. ಎಪ್ಪತ್ತರ ದಶಕದ ನಮ್ಮ ಬಾಗಲಕೋಟೆಯ ಮನೆಯೊಳಗೆ ತತ್ತಿ ಕೂಡ ಬರುವಂತಿರಲಿಲ್ಲ.

"ಕೊಲ್ಲೋ ಸಾಮಾನ ಇರೋ ಮನ್ಯಾಗ ನಾ ನೀರ ಕುಡಿಯಂಗಿಲ್ಲ," ಎಂದರು ಅತ್ತಿ, ಬಂದೂಕು ಮನೆಗೆ ಬಂದ ಕೂಡಲೇ.

ಇವರು ಎದೆಯ ಮೇಲಿನ ಲಿಂಗ ಮುಟ್ಟಿಕೊಂಡರು. "ಹೊಲಕ್ಕ ಹಂದಿ ಬರ್ತಾವಬೇ ಯವ್ವಾ. ಬರೇ ಸಪ್ಪಳಾ ಮಾಡಿ ಓಡಸ್ತೇನಿ. ಖರೆ, ಯಾವ ಜೀವಾನೂ ಹೊಡೆಯಂಗಿಲ್ಲ."

ಅತ್ತಿ ನಂಬಿದರು. ಲಿಂಗ ಮುಟ್ಟಿ ಆಡಿದ ಮಾತಲ್ಲವೇ.

ಆಮೇಲೆ ಮನೆಯೆಲ್ಲ ಬಂದೂಕಿನ ಎಣ್ಣೆಯ ನಾತ. ಅದೇ ಕೈಯಲ್ಲಿ ರೊಟ್ಟಿ ಮುರಿಯುವರು. ಜಂಪರಿಗೆಂದು ತರಿಸಿದ್ದ ನನ್ನ ಗುಳೇದಗುಡ್ಡದ ಖಣ ಚೂರುಚೂರಾಗಿ ನಳಿಗೆಯೊಳಗೆ ಹೊಕ್ಕು, ಕರ್ರಗಾಗಿ ಹೊರಬಂತು. ಮಹಾನವಮಿಗೆ ಬಂದೂಕಿನ ಮರದ ಹಿಡಿಗೆ ಮೂರು ಬೆರಳಿನಿಂದ ವಿಭೂತಿ ಎಳೆದರು.

"ಒಂದ್ ಲಿಂಗಾನೂ ಕಟ್ಟಿಬಿಡಪಾ, ದೀಕ್ಷಾನೂ ಆಗಿಹೋಗ್ಲಿ," ಎಂದರು ಅತ್ತಿ. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಇವರು ನಗಲಿಲ್ಲ.

ಒಂದು ದಿನ ಇವರು ಬಾದಾಮಿ ಕಡೆಯ ಹೊಲಕ್ಕೆ ಹೊರಟಾಗ, ಅತ್ತಿ ತಮ್ಮ ಹಳೇ ಇಳಕಲ್ ಸೀರೆಯ ಸೆರಗಿನ ತುಂಡಿನಲ್ಲಿ ರೊಟ್ಟಿ ಕಟ್ಟಿಕೊಟ್ಟರು. ಸಂಜೆ ಆ ಸೆರಗು ತಿರುಗಿ ಬಂತು. ಒಳಗೆ ಒಂದು ಮೊಲ. ಕಿವಿ ಹೊರಗೆ ಜೋತುಬಿದ್ದಿತ್ತು. ಕೆಂಪು ಸೆರಗು ನೋಡಿ. ಬಣ್ಣ ಯಾವುದು, ರಕ್ತ ಯಾವುದು, ಮುಟ್ಟಿದ ಮೇಲೇ ತಿಳಿದದ್ದು.

"ದೋಸ್ತಗ ಕೊಡಾಕ ತಂದೇನಿ. ನಾ ಏನ್ ತಿನ್ನಾಂವಲ್ಲ. ಸ್ಪೋರ್ಟ್ ಅಷ್ಟ," ಎಂದರು, ದೊಡ್ಡ ಶೀಲವಂತರ ಹಾಗೆ.

"ಹಸದು ತಿಂದಿದ್ರ ತಿಳೀತಿತ್ತು ನನಗ," ಎಂದರು ಅತ್ತಿ. "ತಿನ್ನಾಂವಲ್ಲಂದ್ರ ಯಾಕ ಕೊಂದಿ?"

ಇವರು ಮೊಲವನ್ನು ಕೆಳಗಿಟ್ಟು ಬಂದೂಕು ಬಿಚ್ಚತೊಡಗಿದರು.

"ಬಂದೂಕ ಮನಿ ಬಿಡ್ತದೋ, ನಾ ಬಿಡಲೋ?"

ಇವರು ಬಂದೂಕು ಒರೆಸುತ್ತ ಕೂತರು. ನನ್ನದೇ ಖಣದ ಚೂರಿನಿಂದ.

ಮರುದಿನ ಅತ್ತಿ ಗುಳೇದಗುಡ್ಡದ ಮಗಳ ಮನೆಗೆ ಹೊರಟರು. ಬಸ್ ಸ್ಟ್ಯಾಂಡಿಗೆ ಹೋದವಳು ನಾನೊಬ್ಬಳೇ. ಹೊಸ ಬಿಳಿ ಬಟ್ಟೆಯಲ್ಲಿ ಕಟ್ಟಿದ್ದ ರೊಟ್ಟಿ ಗಂಟನ್ನು ಕಿಟಕಿಯೊಳಗೆ ಕೊಟ್ಟೆ. ಅವರು ಗಂಟು ಬಿಚ್ಚಿ ರೊಟ್ಟಿಗಳನ್ನು ಉಡಿಯೊಳಗೆ ಹಾಕಿಕೊಂಡರು. ಬಟ್ಟೆಯನ್ನು ನೀಟಾಗಿ ಮಡಚಿ ನನ್ನ ಕೈಗೆ ತಿರುಗಿ ಕೊಟ್ಟರು.

"ರೊಟ್ಟಿ ನಿನ್ವು, ಒಯ್ತೇನಿ. ಅರಿವಿ ಆ ಮನೀದು."

ಬಸ್ಸು ತಿರುಗುವವರೆಗೂ ಅವರ ಕೈ ಉಡಿಯ ಮೇಲೇ ಇತ್ತು. ನಾನವರನ್ನು ನೋಡಿದ್ದು ಅದೇ ಕೊನೆ.